ಅಜೇಲಿಯಾದ ಪಾಠ, ಕೇಪಳದ ಹೂ

ಬೇಸಗೆಯ ರಜೆಯಲ್ಲಿ ಊಟಿಗೆ ಹೋಗಿ ಬಂದವರ ಜಗಲಿಯಲ್ಲಿ ಒಂದು ಹೊಸ ಅತಿಥಿಯನ್ನು ಕಾಣುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಅಂಗೈಯಗಲದ ಕುಂಡ, ಅದರೊಳಗೆ ಗೇಣುದ್ದದ ಗಿಡ, ಎಲೆಯೇ ಕಾಣದಷ್ಟು ಗುಲಾಬಿ ಬಣ್ಣದ ಹೂ. ಅದರ ಹೆಸರು ಅಜೇಲಿಯಾ. ಮನೆಯವರು ಅದನ್ನು ಅಕ್ಕರೆಯಿಂದ ಸಾಕುತ್ತಾರೆ, ಬಂದವರಿಗೆಲ್ಲ ತೋರಿಸಿ ಸಂತೋಷಪಡುತ್ತಾರೆ. ಆಟಿ ತಿಂಗಳು ಕಳೆಯುವಷ್ಟರಲ್ಲಿ ಎಲೆ ಹಳದಿಯಾಗತೊಡಗುತ್ತದೆ; ಮರುವರ್ಷದ ಬಿಸುವಿನ ಹೊತ್ತಿಗೆ ಕುಂಡ ಮಾತ್ರ ಉಳಿದಿರುತ್ತದೆ. ‘ನಮ್ಮ ಕೈಗುಣ ಚೆನ್ನಾಗಿಲ್ಲ’ ಎಂದು ಮನೆಯ ಹೆಂಗಸರು ನೊಂದುಕೊಳ್ಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೈಗುಣವನ್ನು ದೂರಬೇಕಾದ ಕಾರಣವಿಲ್ಲ. ಗಿಡದ ಸ್ವಭಾವವನ್ನು ತಿಳಿಯದೆ ತೋರಿದ ಅಕ್ಕರೆ ಗಿಡಕ್ಕೆ ತಲಪುವುದಿಲ್ಲ, ಅಷ್ಟೆ.

ಅಜೇಲಿಯಾವನ್ನು ತಟ್ಟೆಯಂಥ ಕಿರುಕುಂಡದಲ್ಲಿ ಕುಬ್ಜವೃಕ್ಷವಾಗಿ, ಅಂದರೆ ಬೋನ್ಸಾಯಿಯಾಗಿ ಬೆಳೆಸುವ ಕಲೆಯನ್ನು ಜಪಾನಿನ ತೋಟಗಾರರು ಹಲವು ತಲೆಮಾರುಗಳ ಶ್ರಮದಿಂದ ರೂಪಿಸಿದ್ದಾರೆ. ಆ ಕಲೆಯ ನಿಯಮಗಳು ಅಜೇಲಿಯಾವನ್ನು ನಮ್ಮ ಕರಾವಳಿಯಲ್ಲಿ ಬದುಕಿಸಿ ಹೂ ಬಿಡಿಸಲಾರವು. ಆದರೆ ಅವೇ ನಿಯಮಗಳನ್ನು ಸ್ವಲ್ಪವೇ ಬದಲಿಸಿ ನಮ್ಮದೇ ಗುಡ್ಡೆಯ ಒಂದು ಹೂಗಿಡಕ್ಕೆ ಅನ್ವಯಿಸಿದರೆ ಜಗಲಿಯಲ್ಲಿ ವರ್ಷದ ಬಹುಭಾಗ ಹೂ ನೋಡಬಹುದು. ಆ ಗಿಡ ಕೇಪಳ. ಇವೆರಡರ ಸಂಬಂಧವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹೆಸರು ಮತ್ತು ಕುಲ

ಅಜೇಲಿಯಾ ರೋಡೋಡೆಂಡ್ರಾನ್ ಎಂಬ ದೊಡ್ಡ ಕುಲಕ್ಕೆ ಸೇರಿದ ಪೊದೆಗಿಡ. ಈ ಕುಲದ ಗಿಡಮರಗಳು ಹಿಮಾಲಯದಲ್ಲಿ ಹೇರಳವಾಗಿವೆ. ದಕ್ಷಿಣ ಭಾರತದ ಪಾಲಿಗೆ ಬಂದಿರುವುದು ಒಂದೇ. ನೀಲಗಿರಿ, ಆನಮಲೆ, ಪಳನಿ ಬೆಟ್ಟಗಳ ಎತ್ತರದ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳ ಅಂಚಿನಲ್ಲಿ ಕೆಂಪು ಹೂ ಬಿಡುವ ಮರ. ಮುನ್ನಾರಿನ ಕಡೆ ಅದನ್ನು ಕಾಟ್ಟುಪೂವರಶ್ ಎನ್ನುತ್ತಾರೆ. ಸಮುದ್ರಮಟ್ಟದ ಬಿಸಿಲಿಗೆ ಆ ಮರವೂ ಇಳಿದು ಬಂದಿಲ್ಲವೆಂಬುದನ್ನು ಗಮನಿಸಬೇಕು.

ಸಸ್ಯಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದ ಲಿನೇಯಸ್ 1753ರಲ್ಲಿ ಜಪಾನಿನ ಒಂದು ಜಾತಿಗೆ ‘ಅಜೇಲಿಯಾ ಇಂಡಿಕಾ’ ಎಂದು ಹೆಸರಿಟ್ಟನು. ಹೆಸರಿನಲ್ಲಿ ಇಂಡಿಯಾ ಇದ್ದರೂ ಗಿಡ ನಮ್ಮ ದೇಶದ್ದಲ್ಲ. ‘ಅಜೇಲಿಯಾ’ ಎಂಬ ಪದವೂ ಗ್ರೀಕ್ ಭಾಷೆಯಲ್ಲಿ ‘ಒಣಗಿದ್ದು’ ಎಂಬ ಅರ್ಥವುಳ್ಳದ್ದು. ವಾಸ್ತವವಾಗಿ ಬೇರು ಒಮ್ಮೆ ಪೂರ್ತಿ ಒಣಗಿದರೆ ಈ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಹೆಸರನ್ನು ನೋಡಿ ಗುಣವನ್ನು ಊಹಿಸಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಜಪಾನೀಯರು ಬೋನ್ಸಾಯಿಗೆ ಹೆಚ್ಚಾಗಿ ಬಳಸುವ ಅಜೇಲಿಯಾಕ್ಕೆ ‘ಸತ್ಸುಕಿ’ ಎಂದು ಹೆಸರು. ಅವರ ಹಳೆಯ ಚಾಂದ್ರಮಾನ ಪಂಚಾಂಗದ ಐದನೆಯ ತಿಂಗಳಿಗೆ ಇದೇ ಹೆಸರಿತ್ತು. ಗಿಡ ಹೂ ಬಿಡುವುದು ಆ ಕಾಲದಲ್ಲಿ, ಅಂದರೆ ಈಗಿನ ಮೇ–ಜೂನ್ ತಿಂಗಳುಗಳಲ್ಲಿ. ಇತೋ ಇಹೇ ಎಂಬ ತೋಟಗಾರ 1692ರಲ್ಲಿ ‘ಕಿನ್ಶು ಮಕುರ’ ಎಂಬ ಗ್ರಂಥದಲ್ಲಿ ನೂರಾರು ಬಗೆಯ ಅಜೇಲಿಯಾಗಳನ್ನು ಚಿತ್ರಸಹಿತ ವರ್ಣಿಸಿದನು. ಇದೇ ಕಾಲದಲ್ಲಿ ನಮ್ಮ ಮಲಬಾರಿನ ಸಸ್ಯಗಳನ್ನು ಕುರಿತು ಡಚ್ಚರ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ 12 ಸಂಪುಟಗಳು 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ ಅಚ್ಚಾದವು. ನಮ್ಮ ಕೇಪಳ ಆ ಗ್ರಂಥದಲ್ಲಿ ‘ಚೆತ್ತಿ’ ಎಂಬ ಮಲಯಾಳ ಹೆಸರಿನಿಂದ ಸ್ಥಾನ ಪಡೆದಿದೆ. ಒಂದು ಗಿಡ ಅಲ್ಲಿ ತೋಟಗಾರನ ಕೈಯಲ್ಲಿ ಕಲೆಯಾಯಿತು. ಇನ್ನೊಂದು ಇಲ್ಲಿ ಗುಡ್ಡೆಯಲ್ಲೇ ಉಳಿಯಿತು.

ಅಜೇಲಿಯಾ ಹೇಳುವ ಐದು ಮಾತು

ಮೊದಲನೆಯದು, ಮಣ್ಣು ಹುಳಿಯಾಗಿರಬೇಕು. ಆಮ್ಲೀಯ ಮಣ್ಣಿನಲ್ಲಿ ಮಾತ್ರ ಅಜೇಲಿಯಾದ ಬೇರು ಕಬ್ಬಿಣದ ಅಂಶವನ್ನು ಹೀರಬಲ್ಲದು. ಸುಣ್ಣದ ಅಂಶ ಹೆಚ್ಚಾದರೆ ಮಣ್ಣಿನಲ್ಲಿರುವ ಕಬ್ಬಿಣ ನೀರಿನಲ್ಲಿ ಕರಗದೆ ಉಳಿಯುತ್ತದೆ; ಗಿಡ ಉಣ್ಣಲಾರದೆ ಎಲೆ ಹಳದಿಯಾಗುತ್ತದೆ, ಆದರೆ ಎಲೆಯ ನರಗಳು ಹಸುರಾಗಿಯೇ ಇರುತ್ತವೆ. ಜಪಾನೀಯರು ಇದಕ್ಕಾಗಿ ಕನುಮ ಎಂಬ ಊರಿನ ಸುತ್ತ ಸಿಗುವ, ಜ್ವಾಲಾಮುಖಿಯಿಂದ ಬಂದ ಹಗುರವಾದ ಹಳದಿ ಮಣ್ಣನ್ನು ಬಳಸುತ್ತಾರೆ.

ಎರಡನೆಯದು, ಬೇರು ಕೂದಲಿನಷ್ಟು ಸಪುರ. ಅದಕ್ಕೆ ಏಕಕಾಲದಲ್ಲಿ ತೇವವೂ ಗಾಳಿಯೂ ಬೇಕು. ನೀರು ನಿಂತರೆ ಕೊಳೆಯುತ್ತದೆ, ಒಣಗಿದರೆ ಸಾಯುತ್ತದೆ.

ಮೂರನೆಯದು, ಹೂ ಬಾಡಿದ ಕೂಡಲೇ ಅದನ್ನು ಬುಡದ ಕಾಯಿಯ ಮೊಳಕೆಯ ಸಹಿತ ಚಿವುಟಬೇಕು. ಬೀಜ ಕಟ್ಟಲು ವ್ಯಯವಾಗುವ ಶಕ್ತಿ ಹಾಗೆ ಗಿಡದಲ್ಲೇ ಉಳಿಯುತ್ತದೆ.

ನಾಲ್ಕನೆಯದು, ಕತ್ತರಿಸುವ ಕೆಲಸ ಹೂ ಮುಗಿದ ತಕ್ಷಣ ಆಗಬೇಕು. ಮುಂದಿನ ವರ್ಷದ ಮೊಗ್ಗು ಈ ವರ್ಷದ ಬೇಸಗೆಯಲ್ಲೇ ಹೊಸ ಚಿಗುರಿನ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ. ತಡಮಾಡಿ ಕತ್ತರಿಸಿದವನು ಮೊಗ್ಗನ್ನೇ ಕತ್ತರಿಸಿದಂತಾಗುತ್ತದೆ.

ಐದನೆಯದು, ಹೆಚ್ಚಿನ ಮರಗಳಲ್ಲಿ ತುದಿಗೆ ಬಲ ಹೆಚ್ಚು, ಅಜೇಲಿಯಾದಲ್ಲಿ ಬುಡಕ್ಕೆ ಬಲ ಹೆಚ್ಚು. ಆದುದರಿಂದ ಕೆಳಗಿನ ಕೊಂಬೆಗಳನ್ನು ಧಾರಾಳವಾಗಿಯೂ ಮೇಲಿನವುಗಳನ್ನು ಹಗುರವಾಗಿಯೂ ಕತ್ತರಿಸಬೇಕು. ಕೊಂಬೆ ಬಲು ಬೇಗ ಮುರಿಯುವಂಥದು. ತಂತಿ ಸುತ್ತಿ ಬಾಗಿಸುವಾಗ ಅವಸರ ಸಲ್ಲದು.

ಈ ಐದು ಮಾತುಗಳನ್ನು ಪಾಲಿಸಿದರೂ ಕಾಸರಗೋಡಿನಲ್ಲಿ ಅಜೇಲಿಯಾ ಹೂ ಬಿಡುವುದು ದುರ್ಲಭ. ಕಟ್ಟಿದ ಮೊಗ್ಗು ಅರಳಬೇಕಾದರೆ ಕೆಲವು ವಾರಗಳ ಕಾಲ ಹತ್ತು ಡಿಗ್ರಿಯ ಆಸುಪಾಸಿನ ಚಳಿ ತಾಗಬೇಕು. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಅಂಥ ಚಳಿ ತಾನಾಗಿ ಸಿಗುತ್ತದೆ. ನಮ್ಮಲ್ಲಿ ಧನು ತಿಂಗಳ ಬೆಳಗಿನ ಜಾವದಲ್ಲೂ ಅಷ್ಟು ಚಳಿಯಿಲ್ಲ. ನೀಲಗಿರಿಯಲ್ಲೋ ಮಡಿಕೇರಿಯಲ್ಲೋ ನೆಲೆಸಿರುವ ನಮ್ಮ ಬಂಧುಗಳು ಮೇಲಿನ ಐದು ಮಾತುಗಳನ್ನು ನೆನಪಿಟ್ಟು, ಮಧ್ಯಾಹ್ನದ ಬಿಸಿಲಿಗೆ ಅರೆನೆರಳು ಒದಗಿಸಿ ಅಜೇಲಿಯಾವನ್ನು ಸಂತೋಷವಾಗಿ ಬೆಳೆಸಬಹುದು. ಕರಾವಳಿಯ ನಾವು ಬೇರೆ ಗಿಡವನ್ನು ನೋಡಬೇಕು.

ಪದವಿನ ಕೇಪಳ

ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಒಂದು ಸೂತ್ರವಿದೆ: ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕು. ನಮ್ಮ ಮಕ್ಕಳಿಗೆ ತಿಳಿದ ಹೂ ಕೇಪಳ. ಅದರ ಹೂವಿನ ಕೊಳವೆಯನ್ನು ಚೀಪಿ ಜೇನು ಸವಿಯದ, ಹಣ್ಣು ತಿಂದು ನಾಲಗೆ ಕೆಂಪಾಗಿಸಿಕೊಳ್ಳದ ಬಾಲ್ಯ ನಮ್ಮ ಹಳ್ಳಿಗಳಲ್ಲಿ ಇತ್ತೀಚಿನವರೆಗೂ ಇರಲಿಲ್ಲ. ತುಳುವಿನಲ್ಲಿ ಕೇಪುಳ, ಮಲಯಾಳದಲ್ಲಿ ಚೆತ್ತಿ ಅಥವಾ ತೆಚ್ಚಿ, ತೆಯ್ಯಂ ಕಟ್ಟುವ ಕಡೆ ಚೆಕ್ಕಿ, ಪುಸ್ತಕದ ಕನ್ನಡದಲ್ಲಿ ಕಿಸುಕಾರೆ. ಒಂದೇ ತರಗತಿಯಲ್ಲಿ ಈ ಹೂವನ್ನು ಎತ್ತಿ ಹಿಡಿದರೆ ಮೂರು ನಾಲ್ಕು ಹೆಸರುಗಳು ಕೇಳಿಬರುತ್ತವೆ. ದೇವರ ಪೂಜೆಗೂ ಭೂತದ ಅಲಂಕಾರಕ್ಕೂ ಸಲ್ಲುವ ಈ ಹೂವಿನ ಶಾಸ್ತ್ರೀಯ ನಾಮ ‘ಇಕ್ಸೋರಾ ಕಾಕ್ಸೀನಿಯಾ’. ಇಕ್ಸೋರಾ ಎಂಬುದು ‘ಈಶ್ವರ’ ಶಬ್ದದ ರೂಪಾಂತರವೆಂದು ವಿದ್ವಾಂಸರ ಅಭಿಪ್ರಾಯ.

ಕುಲದಲ್ಲಿ ಕೇಪಳ ಕಾಫಿ ಗಿಡದ ಬಂಧು. ಅಜೇಲಿಯಾಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ. ಆದರೆ ಮಣ್ಣಿನ ವಿಷಯದಲ್ಲಿ ಎರಡರ ಸ್ವಭಾವವೂ ಒಂದೇ. ಕೇಪಳಕ್ಕೂ ಹುಳಿಮಣ್ಣು ಬೇಕು. ಸುಣ್ಣ ತಾಗಿದರೆ ಅದರ ಎಲೆಯೂ ಅದೇ ರೀತಿ ಹಳದಿಯಾಗುತ್ತದೆ. ಹೊಸ ಮನೆಯ ಸಿಮೆಂಟು ಗೋಡೆಯ ಬದಿಯಲ್ಲಿ ನೆಟ್ಟ ಕೇಪಳ ಸೊರಗುವುದನ್ನು ಓದುಗರು ಗಮನಿಸಿರಬಹುದು. ಕಾರಣ ಗೋಡೆಯಿಂದ ಇಳಿದ ಸುಣ್ಣದ ಅಂಶ.

ಜಪಾನೀಯರು ಕನುಮದಿಂದ ತರಿಸುವ ಹುಳಿಮಣ್ಣಿನಂಥದು ನಮಗೆ ಕಾಲಡಿಯಲ್ಲೇ ಇದೆ. ಅದು ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಸಂಚರಿಸಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲ್ಯಾಟರ್’ ಎಂದರೆ ಇಟ್ಟಿಗೆ. ಅದರ ನೆನಪಿಗೆ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಒಂದು ಸ್ಮಾರಕವೂ ಇದೆ. ಸಾವಿರಾರು ವರ್ಷಗಳ ಮಳೆ ಕಲ್ಲಿನೊಳಗಿನ ಸುಣ್ಣದ ಅಂಶವನ್ನು ತೊಳೆದು, ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ಉಳಿಸಿದೆ. ಆದುದರಿಂದಲೇ ಕಲ್ಲು ಕೆಂಪು, ಮಣ್ಣು ಹುಳಿ.

ಮುರಕಲ್ಲಿನ ಹಾಸಿನ ಮೇಲೆ, ಅಂದರೆ ನಮ್ಮ ಪದವುಗಳಲ್ಲಿ, ಗೇಣು ಆಳದ ಬಿರುಕಿನಲ್ಲಿ ಬೇರಿಳಿಸಿದ ಕೇಪಳವನ್ನು ನೋಡಿ. ಗಾಳಿ, ಬಿಸಿಲು, ದನದ ಬಾಯಿ, ಬೇಸಗೆಯ ಬೆಂಕಿ ಇವೆಲ್ಲವನ್ನೂ ಸಹಿಸಿ ಮೊಣಕಾಲೆತ್ತರಕ್ಕೆ ನಿಂತಿರುತ್ತದೆ. ಬುಡ ಮಾತ್ರ ಹಳೆಯ ಮರದಂತೆ ಗಂಟುಗಂಟು. ಪ್ರಕೃತಿಯೇ ಮಾಡಿದ ಬೋನ್ಸಾಯಿ ಅದು.

ಗಿಡ ತರುವ ಮತ್ತು ನೆಡುವ ಕ್ರಮ

ಗಿಡವನ್ನು ಎಲ್ಲಿಂದ ತರಬೇಕು? ಕಾಡಿಗೆ ಹೋಗಿ ಅಗೆಯುವುದು ಸಲ್ಲದು. ಮನೆ ಕಟ್ಟಲೆಂದೋ ಕಲ್ಲು ಕಡಿಯಲೆಂದೋ ಯಂತ್ರ ಬಂದು ನಿಂತಿರುವ ಜಾಗದಲ್ಲಿ ಯಜಮಾನರ ಒಪ್ಪಿಗೆ ಪಡೆದು ತೆಗೆದರೆ ಒಂದು ಜೀವ ಉಳಿಸಿದಂತೆಯೂ ಆಗುತ್ತದೆ. ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದು ನೆಲ ಮೆದುವಾದ ಮೇಲೆ ಕೆಲಸ ಮಾಡಬೇಕು. ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿ, ಬುಡದ ಸುತ್ತ ಒಂದು ಗೇಣು ಬಿಟ್ಟು ಅಗೆದು, ಸಣ್ಣ ಬೇರುಗಳೂ ಮಣ್ಣೂ ಕೂಡಿಕೊಂಡಿರುವಂತೆ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ ತರಬೇಕು. ಮೊದಲ ವರ್ಷ ದೊಡ್ಡ ಮಣ್ಣಿನ ಕುಂಡದಲ್ಲೇ ಇಡುವುದು ಲೇಸು. ಮೊದಲ ಒಂದು ತಿಂಗಳು ನೆರಳು ಬೇಕು. ಅನಂತರ ದಿನಕ್ಕೆ ಐದಾರು ಗಂಟೆಯ ಬಿಸಿಲು ಅವಶ್ಯ. ನೆರಳಿನಲ್ಲಿಟ್ಟ ಕೇಪಳ ಎಲೆ ಬಿಡುತ್ತದೆ, ಹೂ ಬಿಡದು.

ಮಣ್ಣಿಗೆ ಎರಡು ಪಾಲು ಮುರಕಲ್ಲಿನ ಚೂರು, ಒಂದು ಪಾಲು ಕಾಡಿನ ಕೊಳೆತ ತರಗೆಲೆ, ಒಂದು ಪಾಲು ಚೆನ್ನಾಗಿ ತೊಳೆದ ಹಳೆಯ ತೆಂಗಿನ ನಾರಿನ ಹುಡಿ. ಕಲ್ಲಿನ ಚೂರನ್ನು ಜರಡಿ ಹಿಡಿದು, ಹೆಸರುಕಾಳಿಗಿಂತ ಸಣ್ಣದನ್ನೂ ಕಡಲೆಗಿಂತ ದೊಡ್ಡದನ್ನೂ ತೆಗೆದುಹಾಕಬೇಕು. ಸಣ್ಣ ಹುಡಿ ಉಳಿದರೆ ಮಳೆಗಾಲದಲ್ಲಿ ಕೆಸರಾಗಿ ಬೇರಿಗೆ ಗಾಳಿ ಸಿಗದು. ನಾರಿನ ಹುಡಿಯಲ್ಲಿ ಉಪ್ಪಿನ ಅಂಶವಿರುವುದರಿಂದ ತೊಳೆಯದೆ ಬಳಸಬಾರದು.

ಇನ್ನು ವರ್ಜ್ಯವಾದ ವಸ್ತುಗಳು. ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಹಾಕುವುದು ನಮ್ಮ ಮನೆಗಳ ಹಳೆಯ ರೂಢಿ. ತೆಂಗಿಗೂ ಬಸಳೆಗೂ ಅದು ಒಳ್ಳೆಯದು, ಕೇಪಳದ ಕುಂಡಕ್ಕೆ ವಿಷ. ಸುಡುಮಣ್ಣಿನಲ್ಲೂ ಬೂದಿಯಿರುವುದರಿಂದ ಅದೂ ಬೇಡ. ಅಡಿಕೆಗೆ ಮದ್ದು ಬಿಟ್ಟ ದಿನ ಹಂಡೆಯಲ್ಲಿ ಉಳಿದ ಬೋರ್ಡೋ ದ್ರಾವಣವನ್ನು ಹೂಗಿಡಗಳಿಗೆ ಸುರಿಯುವವರಿದ್ದಾರೆ. ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತಿನ ಜೊತೆಗೆ ಒಂದು ಕಿಲೋ ಸುಣ್ಣವೂ ಬಿದ್ದಿರುತ್ತದೆಂಬುದನ್ನು ಮರೆಯಬಾರದು. ಸಿಮೆಂಟಿನ ಕುಂಡವೂ ಸುಣ್ಣ ಬಳಿದ ಕುಂಡವೂ ಇದೇ ಕಾರಣದಿಂದ ಯೋಗ್ಯವಲ್ಲ. ಎಲೆ ಹಳದಿಯಾಗಿ ನರ ಮಾತ್ರ ಹಸುರಾಗಿದ್ದರೆ, ಒಂದು ಲೀಟರ್ ನೀರಿಗೆ ಎರಡು ಗ್ರಾಂ ಅನ್ನಭೇದಿ ಕರಗಿಸಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸಬಹುದು. ಆದರೆ ಸುಣ್ಣದ ಮೂಲವನ್ನು ಹುಡುಕಿ ನಿವಾರಿಸದಿದ್ದರೆ ಅದು ತಾತ್ಕಾಲಿಕ ಪರಿಹಾರ ಮಾತ್ರ.

ನೀರಿನ ವಿಷಯದಲ್ಲಿ ನಾವು ಅದೃಷ್ಟವಂತರು. ಮುರಕಲ್ಲಿನೊಳಗೆ ಕೊರೆದ ನಮ್ಮ ಸುರಂಗಗಳ ನೀರು, ಹಳೆಯ ಬಾವಿಗಳ ನೀರು ಸಾಮಾನ್ಯವಾಗಿ ಸುಣ್ಣದ ಅಂಶವಿಲ್ಲದ ಮೆದುನೀರು. ಪಾತ್ರೆಯ ತಳದಲ್ಲಿ ಬಿಳಿಯ ಹೆಕ್ಕಳೆ ಕಟ್ಟುವ ಕೊಳವೆಬಾವಿಯ ನೀರಾದರೆ ಮಳೆನೀರನ್ನು ಹಿಡಿದಿಟ್ಟು ಬಳಸುವುದು ಉತ್ತಮ.

ವರ್ಷದ ಆರೈಕೆ

ಕೇಪಳಕ್ಕೂ ಅಜೇಲಿಯಾಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಇಲ್ಲಿ ತಿಳಿಯಬೇಕು. ಅಜೇಲಿಯಾ ಒಂದು ವರ್ಷ ಮೊದಲೇ ಮೊಗ್ಗು ಕಟ್ಟಿ ಚಳಿಗಾಗಿ ಕಾಯುತ್ತದೆ. ಕೇಪಳ ಹೊಸ ಚಿಗುರು ಬಲಿತಂತೆ ಅದರ ತುದಿಯಲ್ಲೇ ಹೂ ಬಿಡುತ್ತದೆ; ಕಾಯುವ ಗೋಜಿಲ್ಲ. ಆದುದರಿಂದ ಗೊಂಚಲು ಬಾಡಿದಾಗ ಅದರ ಕೆಳಗಿನ ಒಂದೆರಡು ಜೊತೆ ಎಲೆಗಳ ಸಹಿತ ಕತ್ತರಿಸಿದರೆ ಹೊಸ ಚಿಗುರು ಬಂದು ಪುನಃ ಹೂವಾಗುತ್ತದೆ. ಪ್ರತಿ ಚಿಗುರನ್ನೂ ಚಿವುಟುತ್ತಲೇ ಇದ್ದರೆ ಆಕಾರ ಬರುತ್ತದೆ, ಹೂ ಬರುವುದಿಲ್ಲ. ಆಕಾರಕ್ಕೆ ಮಳೆಗಾಲ, ಹೂವಿಗೆ ಬೇಸಗೆ ಎಂದು ಕಾಲವನ್ನು ಪಾಲು ಮಾಡಿಕೊಳ್ಳಬೇಕು.

ಪತ್ತನಾಜೆಯಿಂದ ಜೂನ್ ಮಧ್ಯದವರೆಗೆ ದೊಡ್ಡ ಕತ್ತರಿಯ ಕೆಲಸ. ಎರಡು ವರ್ಷಕ್ಕೊಮ್ಮೆ ಗಿಡವನ್ನು ಕುಂಡದಿಂದ ಹೊರತೆಗೆದು ಹೊರಸುತ್ತಿನ ಬೇರನ್ನು ಮೂರನೆಯ ಒಂದು ಪಾಲಿನಷ್ಟು ಕತ್ತರಿಸಿ ಹೊಸ ಮಣ್ಣು ತುಂಬುವುದೂ ಆಗಲೇ. ಗಾಳಿಯಲ್ಲಿ ತೇವವಿರುವುದರಿಂದ ಗಿಡ ಬಾಡದು. ಕೇಪಳದ ಎಲೆ ಮತ್ತು ಕೊಂಬೆ ಎದುರುಬದುರಾಗಿ ಜೋಡಿಯಾಗಿ ಹುಟ್ಟುತ್ತವೆ. ಒಂದು ಜೋಡಿಯಲ್ಲಿ ಎಡದ್ದನ್ನು ಉಳಿಸಿದರೆ ಮೇಲಿನ ಜೋಡಿಯಲ್ಲಿ ಬಲದ್ದನ್ನು ಉಳಿಸಬೇಕು. ಹೀಗೆ ಮಾಡಿದರೆ ಪೊದೆಯ ರೂಪ ಹೋಗಿ ಮರದ ರೂಪ ಬರುತ್ತದೆ. ಬುಡದಿಂದ ಏಳುವ ಹೊಸ ಕವಲುಗಳನ್ನು ಎಳೆಯದಿರುವಾಗಲೇ ತೆಗೆಯಬೇಕು. ಕೊಂಬೆಯನ್ನು ಬಾಗಿಸಲು ಅಲ್ಯೂಮಿನಿಯಂ ತಂತಿ ಸಿಗದಿದ್ದರೆ ತೆಂಗಿನ ನಾರಿನ ಹುರಿಯಿಂದ ಕುಂಡದ ಅಂಚಿಗೆ ಎಳೆದು ಕಟ್ಟಿದರೆ ಸಾಕು. ಹುರಿ ತೊಗಟೆಗೆ ಇಳಿಯುವ ಮೊದಲು ಬಿಚ್ಚಬೇಕು.

ಆಟಿ, ಸೋಣ ತಿಂಗಳುಗಳಲ್ಲಿ ನೀರೆರೆಯುವ ಕೆಲಸವಿಲ್ಲ. ನೀರು ಇಳಿದುಹೋಗುವಂತೆ ನೋಡಿಕೊಳ್ಳುವುದೇ ಕೆಲಸ. ಕುಂಡವನ್ನು ಎರಡು ಕಲ್ಲಿನ ತುಂಡುಗಳ ಮೇಲಿಟ್ಟು ಒಂದು ಬದಿಯನ್ನು ಸ್ವಲ್ಪ ಎತ್ತರಿಸಿದರೆ ನೀರು ಬೇಗ ಹರಿದುಹೋಗುತ್ತದೆ. ಮಳೆ ಕಡಿಮೆಯಾದ ಮೇಲೆ ನೆಲಗಡಲೆ ಹಿಂಡಿಯನ್ನು ಮೂರು ನಾಲ್ಕು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ, ತಿಳಿಯನ್ನು ತಿಂಗಳಿಗೊಮ್ಮೆ ಕೊಡಬಹುದು. ಇರುವೆಗಳ ಸಾಲು ಗಿಡವೇರುವುದನ್ನು ಕಂಡರೆ ಎಲೆಯ ಅಡಿಭಾಗವನ್ನು ನೋಡಿ; ಹತ್ತಿಯಂಥ ಬಿಳಿ ಹಿಟ್ಟುತಿಗಣೆ ಇರಬಹುದು. ಸಾಬೂನು ನೀರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು.

ಚಳಿಗಾಲದಿಂದ ಬಿಸುವಿನವರೆಗೆ ನೀರೇ ಪ್ರಧಾನ. ಮಣ್ಣಿಗೆ ಬೆರಳು ತಾಗಿಸಿ ನೋಡಿ, ಮೇಲ್ಪದರ ಒಣಗಿದರೆ ಕೊಡಬೇಕು. ಕಡುಬೇಸಗೆಯಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬೇಕಾಗಬಹುದು. ಕುಂಡ ತೀರ ಒಣಗಿದ್ದರೆ ಅದನ್ನು ನೀರಿನ ಬಾಲ್ದಿಯಲ್ಲಿಳಿಸಿ ಗುಳ್ಳೆ ಏಳುವುದು ನಿಲ್ಲುವವರೆಗೆ ಇಡಬೇಕು.

ಇನ್ನೊಂದು ವಿಷಯ. ಬೋನ್ಸಾಯಿಯಲ್ಲಿ ಎಲೆ ಚಿಕ್ಕದಾಗುತ್ತದೆ, ಹೂ ಮತ್ತು ಹಣ್ಣು ಚಿಕ್ಕದಾಗುವುದಿಲ್ಲ. ಕೇಪಳದ ಗೊಂಚಲು ದೊಡ್ಡದು. ಆದುದರಿಂದ ಗಿಡವನ್ನು ಎರಡು ಗೇಣಿಗಿಂತ ಕುಳ್ಳಾಗಿಸಿದರೆ ಹೂವೇ ಮರವನ್ನು ನುಂಗಿದಂತೆ ಕಾಣುತ್ತದೆ.

ಇದು ಹಿಂಸೆಯೇ?

ಮರವನ್ನು ಕುಬ್ಜಗೊಳಿಸುವುದು ಹಿಂಸೆಯಲ್ಲವೇ ಎಂದು ಸಹೃದಯರು ಕೇಳುವುದುಂಟು. ಪ್ರಶ್ನೆ ಉಚಿತವಾದುದೇ. ಗಿಡವನ್ನು ಉಪವಾಸ ಕೆಡವಿ ಕುಳ್ಳಾಗಿಸುವುದು ಬೋನ್ಸಾಯಿಯ ಕ್ರಮವಲ್ಲ. ನೀರು, ಗೊಬ್ಬರ, ಬಿಸಿಲುಗಳನ್ನು ಕೊಟ್ಟು, ಬೆಳೆದುದನ್ನು ಕತ್ತರಿಸಿ ಆಕಾರಕ್ಕೆ ತರುವುದು ಅದರ ಕ್ರಮ. ಸೊರಗಿದ ಗಿಡ ಹೂ ಬಿಡುವುದಿಲ್ಲ. ಹೂವೇ ಸಾಕಿದವನ ಕೆಲಸಕ್ಕೆ ಸಾಕ್ಷಿ. ಆದರೆ ಒಂದು ಮಾತು ನಿಜ. ಪದವಿನ ಗಿಡ ಬೇರನ್ನು ಬಿರುಕಿನೊಳಗೆ ಇಳಿಸಿ ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಕುಂಡದ ಗಿಡಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದನ್ನು ಕಸಿದುಕೊಂಡವನ ಮೇಲೆ ದಿನನಿತ್ಯದ ಹೊಣೆಯಿದೆ. ಎರಡು ದಿನ ಮರೆಯುವವರು ಬೋನ್ಸಾಯಿ ಇಟ್ಟುಕೊಳ್ಳದಿರುವುದೇ ಮೇಲು.

ಶಾಲೆಯ ಮಕ್ಕಳಿಗೆ ಇದರಿಂದ ಪ್ರಯೋಜನವಿದೆಯೆಂದು ನಾನು ಹೇಳುವುದು ಈ ಹೊಣೆಗಾಗಿ. ನಮ್ಮ ಶಾಲೆಯಲ್ಲಿ ನಾಲ್ಕು ಮಕ್ಕಳಿಗೆ ಒಂದರಂತೆ ಕುಂಡಗಳನ್ನು ಒಪ್ಪಿಸಿದ್ದೇವೆ. ನೀರೆರೆದ ದಿನ, ಚಿಗುರು ಬಂದ ದಿನ, ಮೊಗ್ಗು ಕಂಡ ದಿನ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ಇಂದು ಮಾಡಿದ ಕೆಲಸದ ಫಲ ಎರಡು ಮೂರು ತಿಂಗಳು ಕಳೆದ ಮೇಲೆ ಕಾಣುತ್ತದೆಂಬ ಪಾಠವನ್ನು ಕರಿಹಲಗೆಯ ಮೇಲೆ ಬರೆದು ಕಲಿಸುವುದು ಸಾಧ್ಯವಿಲ್ಲ. ಏಪ್ರಿಲ್–ಮೇ ರಜೆಯೇ ಕಠಿನ ಪರೀಕ್ಷೆ. ಬಿಸಿಲು ಅತಿ ಹೆಚ್ಚಾದಾಗ ಶಾಲೆ ಮುಚ್ಚಿರುತ್ತದೆ. ಆಗ ಮಕ್ಕಳೇ ಸರದಿಯ ಪ್ರಕಾರ ಕುಂಡವನ್ನು ಮನೆಗೆ ಒಯ್ಯುತ್ತಾರೆ. ಅಜ್ಜ ಅಜ್ಜಿಯರಿರುವ ಮನೆಗೆ ಹೋದ ಕುಂಡಗಳು ಜೂನ್ ತಿಂಗಳಲ್ಲಿ ಹೂಗೊಂಚಲಿನೊಡನೆ ಮರಳುವುದನ್ನು ಕಂಡಿದ್ದೇನೆ.

ಬೋನ್ಸಾಯಿಯ ಪಳಗಿದ ಕೈಗಳ ಕೆಲಸವನ್ನು ಕಣ್ಣಾರೆ ನೋಡಬಯಸುವವರು ಬೆಂಗಳೂರಿನ ಲಾಲ್‌ಬಾಗಿನಲ್ಲೂ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯಿ ಉದ್ಯಾನದಲ್ಲೂ ನೋಡಬಹುದು. ಅಲ್ಲಿ ನೋಡಿ ಬಂದ ಮೇಲೆ ನಮ್ಮ ಪದವಿಗೊಮ್ಮೆ ಹೋಗುವುದು ಇನ್ನೂ ಒಳ್ಳೆಯದು. ಗುರುವಿನ ಮಾದರಿ ಅಲ್ಲಿದೆ.

ಆದರೆ ಆ ಮಾದರಿ ದಿನೇ ದಿನೇ ಕಡಿಮೆಯಾಗುತ್ತಿದೆ. ಕಲ್ಲಿನ ಕೋರೆಗಳಿಗಾಗಿ, ಹೊಸ ಮನೆಗಳಿಗಾಗಿ ಗುಡ್ಡೆಗಳು ಸಮತಟ್ಟಾಗುತ್ತಿವೆ. ತಲಪ್ಪಾಡಿಯಿಂದ ತೆಂಕಣಕ್ಕೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಎಷ್ಟೋ ಗುಡ್ಡೆಗಳ ಬದಿ ಕಡಿದುಹೋಯಿತು. ರಸ್ತೆ ಬೇಡ, ಮನೆ ಬೇಡ ಎನ್ನುವುದು ನನ್ನ ವಾದವಲ್ಲ. ಯಂತ್ರದ ಬಾಯಿಗೆ ಹೋಗುವ ಪೊದೆಯೊಂದು ಐವತ್ತು ಮಳೆಗಾಲಗಳನ್ನು ಕಂಡ ಗಿಡವಿರಬಹುದೆಂಬ ಅರಿವು ನಮಗಿರಬೇಕು. ಕುಂಡದ ಒಂದು ಕೇಪಳ ಪದವಿಗೆ ಬದಲಾಗದು. ಪದವಿನ ಹುಲ್ಲು, ಚಿಟ್ಟೆ, ಇಂಗುವ ನೀರು ಯಾವುದನ್ನೂ ಕುಂಡದಲ್ಲಿ ತುಂಬಲಾಗದು. ಆದರೆ ಐದು ವರ್ಷ ಕೇಪಳವನ್ನು ಕೈಯಾರೆ ಸಾಕಿದ ಮಗು ಗುಡ್ಡೆಯ ಕೇಪಳವನ್ನು ಬರೀ ಕಾಡುಪೊದೆಯೆಂದು ಕಡೆಗಣಿಸಲಾರದು.

ಮುಂದಿನ ಪತ್ತನಾಜೆಗೆ ಇನ್ನೂ ಸಮಯವಿದೆ. ಮುರಕಲ್ಲಿನ ಚೂರನ್ನು ಈಗಲೇ ಜರಡಿ ಹಿಡಿದು ಒಣಗಿಸಿಡಿ. ತರಗೆಲೆಯನ್ನು ರಾಶಿ ಹಾಕಿ ಕೊಳೆಯಲು ಬಿಡಿ. ಒಲೆಯ ಬೂದಿಯನ್ನು ಮಾತ್ರ ತೆಂಗಿನ ಬುಡಕ್ಕೇ ಹಾಕಿ.